ಮೈದುನನ ಮೈಮೇಲೆ ಬಂದ ಅಮ್ಮ

ಸೊರಬದಿಂದ ಶಿಕಾರಿಪುರಕ್ಕೆ ನಾನು ಸೊಸೆಯಾಗಿ ಬಂದ ಮಾರನೆಯ ವರ್ಷ, ಮೈದುನ ಹುಣಸೆಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಎದೆಯಿಂದ ಕೆಳಗೆ ಅಲ್ಲಾಡದು, ಚಿವುಟಿದರೂ ತಿಳಿಯದು. ಕೈ ಎರಡೂ ಉಳಿದವು, ನಾಲಿಗೆ ಮೊದಲಿಗಿಂತ ಹರಿತವಾಯಿತು. ಅಷ್ಟು ಉಳಿಸಿದ್ದಕ್ಕೇ ದಿನಾ ದೇವರಿಗೆ ಕೈಮುಗಿಯುತ್ತಿದ್ದೆ.

ಉಚ್ಚೆ ಹೋಗಲು ಆಸ್ಪತ್ರೆಯವರು ರಬ್ಬರ್ ಕೊಳವೆ ಹಾಕಿ, ಅದರ ತುದಿಗೊಂದು ಬಾಟಲಿ ಕಟ್ಟಿ ಕಳಿಸಿದ್ದರು. ಡಾಕ್ಟರು ನನ್ನನ್ನು ಕರೆದು ಹೇಳಿದರು: "ನೋಡಮ್ಮ, ಕೆಳಗೆ ಏನು ತೊಂದರೆಯಾದರೂ ಅವನಿಗೆ ಗೊತ್ತಾಗಲ್ಲ. ಆದರೆ ಮೈ ಸುಮ್ಮನಿರಲ್ಲ, ರಕ್ತದೊತ್ತಡ ಏರಿಸಿಬಿಡುತ್ತೆ. ಮುಖ ಕೆಂಪಾಗಿ ಬೆವರಿದರೆ, ತಲೆ ಸಿಡಿಯುತ್ತೆ ಅಂದರೆ, ತಕ್ಷಣ ಎಬ್ಬಿಸಿ ಕೂರಿಸು, ಕೊಳವೆ ನೋಡು. ತಡ ಮಾಡಿದರೆ ಮಿದುಳಿನ ನರ ಒಡೆದೀತು. ಕೀವು, ಜ್ವರ ತಡೆಯೋ ಶಕ್ತಿಯೂ ಅವನಿಗೀಗ ಕಡಿಮೆ. ಬದಲಿ ಕೊಳವೆ ಕುದಿಸದೆ ಹಾಕಬೇಡ."

ಅತ್ತೆಗೆ ಎಲ್ಲ ಒಪ್ಪಿಸಿದೆ. ಅವರ ಕಿವಿಗೆ ಬಿದ್ದದ್ದು ಕುದಿಸುವುದೊಂದೇ. "ನನ್ನ ಸಾರಿನ ಪಾತ್ರೆ ಮುಟ್ಟೀಯ ಮತ್ತೆ!"

ಒಂದು ದಿನ ನಾನು ನೀರು ತರಲು ಹೋದಾಗ ಅವನ ಮುಖ ಕೆಂಪೇರಿ, ಬೆವರಿಳಿದು, ತೋಳಿನ ರೋಮ ನೆಟ್ಟಗಾದವಂತೆ. ಅತ್ತೆ "ಅಮ್ಮ ಬಂದ್ಲು!" ಎಂದು ಕರ್ಪೂರ ಹಚ್ಚಿದರು. ಪಕ್ಕದ ಮನೆಯಾಕೆ ಕಳೆದುಹೋದ ತನ್ನ ಎಮ್ಮೆ ಎಲ್ಲೈತೆ ಎಂದು ಕೇಳಿದಳು.

"ಕೆರೆಗೆ ಬೀಳ್ ಹೋಗ್ರೀ, ನನ್ ತಲೆ ಸಿಡೀತೈತೆ!"

ಆಮೇಲೆ ಎಮ್ಮೆ ಕೆರೆಯಲ್ಲೇ ಸಿಕ್ಕಿತು. ಎಮ್ಮೆ ಇನ್ನೆಲ್ಲಿರುತ್ತದೆ? ಅವನು ಹಾಗೆ ಕೂಗುತ್ತಿರುವಾಗಲೇ ನಾನು ಬಂದು, ಮಡಚಿ ಉಚ್ಚೆ ಕಟ್ಟಿದ್ದ ಕೊಳವೆ ಬಿಡಿಸಿದೆ, ಅವನು ತಣ್ಣಗಾದ. "ಅಮ್ಮ ಹೊರಟ್ಲು" ಅಂದರು ಅತ್ತೆ.

ಶುಕ್ರವಾರ ಪಕ್ಕದಾಕೆ ಮಗಳ ಮದುವೆ ಯಾವಾಗ ಎಂದು ಕೇಳಲು ಕಾಯಿ ಹಿಡಿದು ಬಂದು ಮಂಚದ ಅಂಚಿಗೆ ಕೂತಳು. ತುಸು ಹೊತ್ತಿಗೆ ಅಮ್ಮ ಮತ್ತೆ ಬಂದಳು. ಈ ಸಲ ಅವನಿಗೆ ಬಯ್ಯಲೂ ಬಾಯಿ ಬರಲಿಲ್ಲ.

"ಮಲಗಿಸೇ, ಅಮ್ಮ ಉಗ್ರ ಆಗ್ಯಾಳೆ!" ಅತ್ತೆ ಕೂಗಿದರು.

ನಾನು ಎತ್ತಿ ಕೂರಿಸಿದೆ. ಕೊಳವೆ ಹುಡುಕುತ್ತಾ ಹೋದರೆ ಅದು ಪಕ್ಕದಾಕೆಯ ಸೀರೆಯಡಿ ನುಸುಳಿತ್ತು.

"ಏಳ್ರೀ!"

"ತಡಿಯೇ, ಅಮ್ಮ ಇನ್ನೂ ಏನೂ ನುಡಿದಿಲ್ಲ."

"ಹೆಂಗೆ ನುಡೀತಾಳೆ? ಅಮ್ಮನ ಮೇಲೇ ಕೂತೀರಲ್ರೀ!"

ಆಕೆ ಚೇಳು ಕಡಿದಂತೆ ಎದ್ದಳು. ಮಂಚದ ಕೆಳಗಿನ ಬಾಟಲಿ ಗುಳುಗುಳು ತುಂಬತೊಡಗಿತು. ಅವನ ಮುಖದ ಕೆಂಪು ಇಳಿಯುವವರೆಗೆ ನಾನು ಅವನನ್ನು ಹಿಡಿದೇ ಕೂತೆ. ಆಕೆ ಗಲ್ಲಗಲ್ಲ ಬಡಿದುಕೊಂಡು ಬಾಟಲಿಯ ಮುಂದೆಯೇ ಕಾಯಿ ಇಟ್ಟಳು.

"ಇನ್ ಮೇಲೆ ನಿಂತ್ಕೊಂಡೇ ಕೇಳ್ರೀ," ಮೈದುನ ಮೆಲ್ಲಗೆ ಅಂದ.

ಅತ್ತೆ ನಗಲಿಲ್ಲ. ಮಗನ ಹಣೆ ಒರೆಸಿ ಒಳಗೆ ಹೋದರು. ಸಾರಿನ ಪಾತ್ರೆಗೆ ನೀರು ತುಂಬಿ ಒಲೆಗಿಟ್ಟರು.

"ಆ ಬದಲಿ ಕೊಳವೆ ತಗೊಂಬಾರೇ," ಎಂದು ಕೂಗಿದರು.