ಮಿಂಚುಳ್ಳಿ ಬಣ್ಣದ ರೆಕ್ಕೆ

ನಾನು ಚಿಕ್ಕವನಿದ್ದಾಗ ಒಂದು ವಿಮಾನದ ಮಾದರಿ ಮಾಡಿದ್ದೆ ಎಂದು ನಿಮಗೆ ಎಷ್ಟೋ ಸಲ ಹೇಳಿದ್ದೇನೆ, ಮಕ್ಕಳೇ. ಅದಕ್ಕೆ ಬಹುಮಾನ ಬಂತು ಎನ್ನುವಲ್ಲಿಗೆ ಪ್ರತಿ ಸಲವೂ ನಿಲ್ಲಿಸಿ, ಉಳಿದದ್ದನ್ನು ನಾಳೆ ಹೇಳಿದರಾಯಿತು ಎಂದು ಮುಂದೂಡುತ್ತಾ ಬಂದೆ. ಅದೆಲ್ಲ ನಡೆದು ಅರವತ್ತು ವರ್ಷವಾಯಿತು. ಇವತ್ತು ಪೂರ್ತಿ ಬರೆದುಬಿಡುತ್ತೇನೆ.

ನಮ್ಮೂರು ಪಾಂಡವಪುರದ ಹತ್ತಿರ, ನಾಲೆಯ ಪಕ್ಕದಲ್ಲಿ. ಆಗ ನನಗೆ ಹತ್ತು ವರ್ಷ, ಅಕ್ಕನಿಗೆ ಹದಿನೈದು. ಸ್ಕೂಲಿನ ವಸ್ತುಪ್ರದರ್ಶನಕ್ಕೆಂದು ನಾನು ಬಿದಿರು ಸೀಳಿ, ದಾರ ಸುತ್ತಿ ವಿಮಾನದ ಚೌಕಟ್ಟು ಕಟ್ಟಿದೆ. ಅದು ಬರೀ ಎಲುಬಿನ ಗೂಡಿನಂತಿತ್ತು. ಅದಕ್ಕೆ ಮೈ ಕೊಟ್ಟವಳು ಅಕ್ಕ.

ನಾಲೆಯಲ್ಲಿ ಬಟ್ಟೆ ಒಗೆಯುವಾಗ ಅವಳು ದಿನಾ ಮಿಂಚುಳ್ಳಿಯನ್ನು ನೋಡುತ್ತಿದ್ದಳು. ವಿಮಾನಕ್ಕೂ ಅದೇ ರೆಕ್ಕೆ ಇರಲಿ ಎಂದಳು. ಮೊದಲು ಬಿಳಿಯ ಗಾಳಿಪಟದ ಕಾಗದವನ್ನು ಮೈದಾ ಅಂಟಿನಿಂದ ಬಿದಿರಿಗೆ ಹೊದಿಸಿ, ಬೆರಳಲ್ಲಿ ನೀರು ಚಿಮುಕಿಸಿ ನೆರಳಲ್ಲಿ ಒಣಗಿಸಿದಳು. ಸುಕ್ಕಾಗಿದ್ದ ಕಾಗದ ಒಣಗುತ್ತಾ ಬಿಗಿದು, ತಟ್ಟಿದರೆ ತಮಟೆಯಂತೆ ಟಪ್ ಎನ್ನುತ್ತಿತ್ತು. ಆಮೇಲೆ ನೀಲಿ ಕಾಗದವನ್ನು ಮಡಿಸಿ, ಎರಡು ರೆಕ್ಕೆಗೂ ಒಂದೇ ಸಲಕ್ಕೆ ಗರಿ ಕತ್ತರಿಸಿದಳು. ಗಟ್ಟಿ ಅಂಟನ್ನು ತೆಳುವಾಗಿ ಸವರಿ, ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಕೂರಿಸುತ್ತಾ ಹೋದಳು. ಹೊಟ್ಟೆಗೆ ಕಿತ್ತಳೆ ಬಣ್ಣ.

"ಲೋ ಕೋತಿ, ಅಂಗೆ ಉಸ್ರು ಬುಡಬ್ಯಾಡ, ಗರಿಯೆಲ್ಲಾ ತೂರೋಯ್ತವೆ" ಎಂದಳು.

"ಇದ್ಕೂ ನೀರು ಚಿಮುಕ್ಸಲಾ, ಅಕ್ಕ?"

"ನೀರು ಮೊದ್ಲು, ಬಣ್ಣ ಆಮ್ಯಾಕೆ ಕಣ್ಲಾ. ಈಗ ಚಿಮುಕ್ಸುದ್ರೆ ನೀಲಿಯೆಲ್ಲಾ ಇಳ್ದು ಗೊಜ್ಜಾಯ್ತದೆ."

ಮೈಸೂರಿಗೆ ಹೋಗಿ ಚಿತ್ರಕಲೆ ಕಲಿಯಬೇಕೆಂಬುದು ಅಕ್ಕನ ಆಸೆ. ಅಪ್ಪ, "ಬಲ್ಲೋರು ಯಾರಾರಾ ನಿನ್ ಕೈಕೆಲ್ಸ ನೋಡಿ ಚೆಂದಾಗದೆ ಅನ್ಲಿ, ಕಳುಸ್ತೀನಿ" ಎಂದಿದ್ದ. ನಾವು ಇದನ್ನೆಲ್ಲ ಮಾಡುವಾಗ ಅವನು ಗದ್ದೆಯಲ್ಲಿದ್ದ. ಪ್ರದರ್ಶನದ ದಿನ ಅವನನ್ನು ಸ್ಕೂಲಿಗೆ ಎಳೆದು ತಂದವಳು ಅಕ್ಕನೇ, ಯಾಕೆಂದು ಹೇಳದೆ.

ಮೈಸೂರಿನಿಂದ ಬಂದಿದ್ದ ಡ್ರಾಯಿಂಗ್ ಮೇಷ್ಟ್ರು ನನ್ನ ವಿಮಾನದ ಮುಂದೆ ಬಗ್ಗಿ ನಿಂತರು. "ನೀಲಿ ಒಂಚೂರೂ ಹರಡಿಲ್ಲವಲ್ಲ! ಈ ಗರಿ ಅಂಟಿಸಿದವರು ಯಾರಪ್ಪ?" ಎಂದು ಕೇಳಿದರು.

ಸುತ್ತ ನನ್ನ ಕ್ಲಾಸಿನ ಹುಡುಗರೆಲ್ಲ ನೋಡುತ್ತಿದ್ದರು. "ನಾನೇ ಸಾ" ಎಂದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. "ನೀರು ಮೊದ್ಲು, ಬಣ್ಣ ಆಮ್ಯಾಕೆ ಸಾ" ಎಂದು ಅವಳ ಮಾತನ್ನೇ ನನ್ನದು ಮಾಡಿಕೊಂಡು ಒಪ್ಪಿಸಿದೆ.

ಅಪ್ಪನ ಪಕ್ಕದಲ್ಲಿದ್ದ ಅಕ್ಕ ಮುಂದೆ ಬಂದಳು. ರೆಕ್ಕೆಯ ತುದಿಯಲ್ಲಿ ಒಂದು ಗರಿ ಎದ್ದಿತ್ತು. ಬೆರಳಿಗೆ ಎಂಜಲು ತಾಗಿಸಿ ಅದನ್ನು ಒತ್ತಿ ಕೂರಿಸಿದಳು. ಬೆರಳಿಗೆ ಹತ್ತಿದ ನೀಲಿಯನ್ನು ಲಂಗಕ್ಕೆ ಒರೆಸಿಕೊಂಡು ಹಿಂದೆ ಸರಿದಳು.

ಮನೆಗೆ ಬರುವಾಗ ಅಪ್ಪ ನನ್ನ ಹೆಗಲ ಮೇಲೆ ಕೈಹಾಕಿ, "ನೋಡವ್ವ, ನಿನ್ ತಮ್ಮನ ಕೈ ಎಂಗದೆ! ಇವುನ್ನೇ ಮೈಸೂರ್ಗೆ ಕಳುಸ್ಬೇಕು ಬುಡು" ಎಂದು ನಕ್ಕ. ಅಕ್ಕನೂ ನಕ್ಕಳು. ಮೈಸೂರಿನ ಮಾತನ್ನು ಅವಳು ಮತ್ತೆ ಎತ್ತಲಿಲ್ಲ. ಎರಡು ವರ್ಷಕ್ಕೆ ಮದುವೆಯಾಗಿ ಬಿಂಡಿಗನವಿಲೆಗೆ ಹೋದಳು.

ಈಗ ನೀವು ಮಾಡುವ ವಿಮಾನಕ್ಕೆ ಹೊದಿಸುವುದು ಪ್ಲಾಸ್ಟಿಕ್ ಹಾಳೆ. ಇಸ್ತ್ರಿಪೆಟ್ಟಿಗೆ ಆಡಿಸಿದರೆ ಬಿಗಿಯುತ್ತದೆ, ನೀರು ಬಿದ್ದರೂ ಬಣ್ಣ ಇಳಿಯುವುದಿಲ್ಲ. ಚಿತ್ತಾರವನ್ನು ಕಂಪ್ಯೂಟರಿನಲ್ಲಿ ಬರೆದರೆ ಎರಡು ರೆಕ್ಕೆಯನ್ನೂ ಅದೇ ಸರಿಸಮ ಮಾಡುತ್ತದೆ. ಮೊನ್ನೆ ನೀವು ಬಾಲದ ಮೇಲೆ ಇಬ್ಬರ ಹೆಸರನ್ನೂ ಅಂಟಿಸಿದಿರಿ. ತಂಗಿ ಅಂಟಿಸಿದ್ದು ಎರಡೇ ಪಟ್ಟಿ, ಆದರೂ ಅಣ್ಣ ಅವಳ ಹೆಸರನ್ನೇ ಮೊದಲು ಹಾಕಿದ. ಆಗ ನಾನು ಎದ್ದು ಹೊರಗೆ ಹೋದದ್ದು ಯಾಕೆಂದು ನೀವು ಕೇಳಿದಿರಿ.

ನನ್ನ ವಿಮಾನದ ಬಾಲದ ಮೇಲೆ ನನ್ನ ಹೆಸರೊಂದೇ ಇತ್ತು. ಆ ಅಕ್ಷರಗಳನ್ನೂ ಕತ್ತರಿಸಿ ಅಂಟಿಸಿದವಳು ಅವಳೇ. ತಪ್ಪಾಯಿತು ಎಂದು ನಾನು ಇದುವರೆಗೂ ಹೇಳದೇ ಉಳಿದಿರುವುದು ಅವಳಿಗೆ, ರಜೆಗೆ ಹೋದಾಗಲೆಲ್ಲ ನಿಮಗೆ ಗಾಳಿಪಟ ಮಾಡಿಕೊಡುವ ಬಿಂಡಿಗನವಿಲೆಯ ದೊಡ್ಡಜ್ಜಿಗೆ. ನನ್ನ ಅಕ್ಕನಿಗೆ.