ಗೌಡನಿಗೆ ಹೊಳೆಯ ನೀರು

ಅಫಜಲಪುರದ ನಮ್ಮ ಮನೆಯ ಬಾವಿ ನೀರಿನಲ್ಲಿ ತೊಗರಿಬೇಳೆ ಬೇಯುತ್ತಿರಲಿಲ್ಲ. ಚಿಟಿಕೆ ಸೋಡಾ ಹಾಕಿ ಎಷ್ಟು ಕಟ್ಟಿಗೆ ಉರಿಸಿದರೂ ಬೇಳೆ ಬೇಳೆಯಾಗಿಯೇ ಕೂತಿರುತ್ತಿತ್ತು. ಅವ್ವ ಭೀಮಾ ದಂಡೆಯವಳು, ಗಾಣಗಾಪುರದ ಹತ್ತಿರದ ಹಳ್ಳಿಯಿಂದ ಸೊಸೆಯಾಗಿ ಬಂದವಳು. ಒಲೆಯ ಮುಂದೆ ಕೂತಾಗಲೆಲ್ಲ ಅವಳಿಗೆ ತವರಿನ ಹೊಳೆ ನೆನಪಾಗುತ್ತಿತ್ತು.

"ನಮ್ಮ ಹೊಳಿ ನೀರಾಗ ಒಂದ ಕುದಿಗಿ ಬ್ಯಾಳಿ ಬೆಣ್ಣಿ ಆಗತಿತ್ತು. ಈ ಸವಳ ನೀರಾಗ ನನ್ನ ಜನ್ಮಾನೇ ಬೇಯವಲ್ದು."

ಆ ಸವಳು ನೀರೇ ಬೇಕೆನ್ನುವ ಜೀವವೊಂದನ್ನು ತೊಂಬತ್ತರ ದಶಕದ ಮೊದಲಲ್ಲಿ ನಾನು ಸೊಲ್ಲಾಪುರದಿಂದ ತಂದೆ. ಆಫ್ರಿಕಾದ ದೊಡ್ಡ ಸರೋವರದ ಸಿಕ್ಲಿಡ್ ಮೀನು. ಗಡಸು ನೀರಿದ್ದರೇ ಬದುಕುತ್ತದೆ ಎಂದು ಅಂಗಡಿಯವ ಎಚ್ಚರಿಸಿದಾಗ ನಗು ಬಂತು. ನಮ್ಮ ಮನೆಯಲ್ಲಿ ಧಾರಾಳವಾಗಿದ್ದುದು ಅದೊಂದೇ.

ಅವ್ವ ಹೊಸ್ತಿಲಲ್ಲೇ ತಡೆದಳು. "ಲಿಂಗ ಕಟ್ಟಿದವರ ಮನ್ಯಾಗ ಮೀನಾ?"

"ತಿನ್ನಾಕಲ್ಲವ್ವಾ, ನೋಡಾಕ."

"ನೋಡಾಕ ಎಮ್ಮಿ ಇಲ್ಲೇನು? ನಿನ್ನ ತೆಲಿ ತಿರಗ್ಯಾದ."

ಆದರೂ ಪಡಸಾಲೆಯಲ್ಲಿ ಗಾಜಿನ ತೊಟ್ಟಿ ಕೂತಿತು. ಒಳಗೆ ಶಹಾಬಾದ್ ಕಲ್ಲಿನ ತುಂಡುಗಳನ್ನು ಗವಿಯ ಹಾಗೆ ಜೋಡಿಸಿದೆ. ಬೆರಳುದ್ದದ ಮೀನು ನೋಡನೋಡುತ್ತ ಗೇಣುದ್ದವಾಯಿತು. ಮೈಯೆಲ್ಲ ನೀಲಿ, ಹಣೆಯ ಮೇಲೊಂದು ಉಬ್ಬು. ಜೊತೆಗೆ ಬಿಟ್ಟ ಮೀನುಗಳನ್ನೆಲ್ಲ ಬೆನ್ನಟ್ಟಿ ಕಚ್ಚಿ, ಕೊನೆಗೆ ಒಬ್ಬನೇ ಉಳಿದ. ಅವ್ವನಿಗೆ ಆ ಉಬ್ಬು ರುಮಾಲಿನಂತೆ ಕಂಡು, "ಭಾಳ ಗೌಡಕಿ ಮಾಡತಾನ ನೋಡು" ಎಂದಳು. ಅಂದಿನಿಂದ ಅವನು ಗೌಡ.

ನನ್ನ ನೌಕರಿ ಜೇವರ್ಗಿಯಲ್ಲಿ. ಮನೆಗೆ ಬರುವುದು ಶನಿವಾರವೇ. ಹಾಗಾಗಿ ಗೌಡನಿಗೆ ಕಾಳು ಹಾಕುವ ಕೆಲಸ ಅವ್ವನ ಪಾಲಿಗೆ ಬಂತು. ಮಧ್ಯಾಹ್ನ ತೊಟ್ಟಿಯ ಪಕ್ಕದಲ್ಲೇ ಬೇಳೆ ಹಸನು ಮಾಡುತ್ತ ಕೂರುವಳು. ಅವಳ ಕೈ ಆಡಿದ ಕಡೆಗೆ ಗೌಡ ಗಾಜಿನುದ್ದಕ್ಕೂ ಬರುವನು.

"ನೀನೂ ನನ್ನಾಂಗ ದೂರದಿಂದ ಬಂದೀಯಪ್ಪಾ. ಈ ನೀರ ಹೆಂಗ ಒಗ್ಗೀತು ನಿನಗ?"

ನಮ್ಮ ಹತ್ತಿರ ಅವಳು ಅಷ್ಟು ಮೆತ್ತಗೆ ಮಾತಾಡಿದ್ದೇ ಇಲ್ಲ. ಮೀನಿನ ಮೇಲೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಅವನಿಗೆ ಈ ನೀರೇ ತವರು ಎಂದು ಎಷ್ಟು ಸಲ ಹೇಳಿದರೂ ನಂಬುತ್ತಿರಲಿಲ್ಲ. "ಸವಳ ನೀರ ಯಾರಿಗಿ ಸೇರತದೋ, ಹುಚ್ಚಾ" ಎನ್ನುವಳು.

ಅಂತೂ ಇಂತೂ ಭೀಮಾ ನೀರು ಕೊಳವೆಯಲ್ಲಿ ನಮ್ಮ ಓಣಿಗೂ ಬಂತು. ಆ ಶನಿವಾರ ನಾನು ಬಂದಾಗ ನಳಕ್ಕೆ ವಿಭೂತಿ ಹಚ್ಚಿ ಹೂ ಏರಿಸಿತ್ತು. ಅವ್ವನ ಮುಖ ಹಬ್ಬದ ದಿನದ್ದು.

"ಮೊದಲನೇ ಕೊಡ ಲಿಂಗಕ್ಕ ಹಾಕೀನಿ. ಎರಡನೇದರಾಗ ಬ್ಯಾಳಿ ಬೇಯಿಸೀನಿ. ಆಮ್ಯಾಗ ನಿನ್ನ ಗೌಡಗ. ಹಳೀ ನೀರೆಲ್ಲಾ ಚೆಲ್ಲಿ ತುಂಬೀನಿ ನೋಡು."

ತೊಟ್ಟಿ ಫಳಫಳ ಹೊಳೆಯುತ್ತಿತ್ತು. ಬ್ಲೀಚಿಂಗ್ ಪುಡಿಯ ವಾಸನೆ ಬಡಿಯಿತು. ಗೌಡ ನೀರಿನ ಮೇಲೆ ಬಾಯಿ ತೆರೆದು ಉಸಿರಿಗೆ ಒದ್ದಾಡುತ್ತಿದ್ದ. ನೀರು ಒಮ್ಮೆಲೇ ಬದಲಾದರೇ ಈ ಮೀನು ತಡೆಯದು, ಅದರ ಮೇಲೆ ಔಷಧಿಯ ನೀರು. ನಾನು ಬಿಂದಿಗೆ ಹಿಡಿದು ಬಾವಿಗೆ ಓಡಿದೆ.

"ಮತ್ತ ಆ ಸವಳ ನೀರ್ಯಾಕೋ? ಪಾಪ, ಅದಕ್ಕೂ ಸಾಕಾಗ್ಯಾದ."

ಬಾವಿ ನೀರು ಸುರಿದರೂ ಪ್ರಯೋಜನವಾಗಲಿಲ್ಲ. ಬೆಳಗಾಗುವಷ್ಟರಲ್ಲಿ ಗೌಡ ಮಗ್ಗುಲಾಗಿ ತೇಲುತ್ತಿದ್ದ. ಏನಾಯಿತೆಂದು ಅವ್ವ ಕೇಳಿದಳು. ವಯಸ್ಸಾಗಿತ್ತು ಎಂದೆ. ಮೀನು ಮುಟ್ಟದ ಅವ್ವ ಅವತ್ತು ತಾನೇ ಎತ್ತಿಕೊಂಡು, ಹಣೆಯ ಉಬ್ಬಿಗೆ ವಿಭೂತಿ ಹಚ್ಚಿ, ಕರಿಬೇವಿನ ಬುಡದಲ್ಲಿ ಮಣ್ಣು ಮಾಡಿದಳು.

"ಹೊಳಿ ನೀರ ಕುಡಕೊಂಡ ಹೋದ. ಪುಣ್ಯವಂತ."

ನಾನು ಮತ್ತೆ ಮೀನು ತರಲಿಲ್ಲ. ಮನೆಯಲ್ಲಿ ಬೇಳೆ ಒಂದೇ ಕುದಿಗೆ ಬೆಣ್ಣೆಯಾಗತೊಡಗಿತು. ಇನ್ನು ಯಾರಿಗೆ ಬೇಕು ಎಂದು ಅವ್ವನೇ ಹೇಳಿ ಬಾವಿ ಮುಚ್ಚಿಸಿದಳು.

ಕೆಲವು ವರ್ಷಗಳ ಮೇಲೆ ಅವಳು ಹಾಸಿಗೆ ಹಿಡಿದಳು. ಊಟ ಬಿಟ್ಟಿದ್ದಳು. ಚಮಚದಲ್ಲಿ ನೀರು ಬಾಯಿಗೆ ಹಾಕಿದರೆ ಮುಖ ತಿರುಗಿಸಿದಳು.

"ಸಪ್ಪ ಅದ. ಬ್ಯಾರೇ ಕೊಡು."

"ಹೊಳಿ ನೀರವ್ವಾ. ನಿಮ್ಮ ತವರಿಂದು."

"ಇದಲ್ಲೋ. ನಮ್ಮ ಬಾವೀದು."

ಖಾಲಿ ಬಿಂದಿಗೆ ಹಿಡಿದು ಹಿತ್ತಲಿಗೆ ಹೋದೆ. ಬಾವಿಯಿದ್ದ ಜಾಗದಲ್ಲಿ ಎಮ್ಮೆ ಮಲಗಿ ಮೆಲುಕು ಹಾಕುತ್ತಿತ್ತು.