ಶಿಗ್ಗಾವಿಯಲ್ಲಿ ಹಾಡಿದ ದಿನ

ಚಿಕ್ಕೇರೂರಿನ ಗಂಡನ ಮನೆಯಲ್ಲಿ ಟಿವಿ ಜೋರಾಯಿತೆಂದರೆ ನನ್ನ ಮೈ ಬೆವರುತ್ತಿತ್ತು. ಹೊಡೆಯುವ ಮೊದಲು ಅವನು ಅದರ ದನಿ ಏರಿಸುತ್ತಿದ್ದ. ಪಕ್ಕದ ಮನೆಗೆ ಕೇಳಬಾರದಲ್ಲ. ಏಳು ವರ್ಷ ತಾಳಿಕೊಂಡೆ. ಒಂದು ಬೆಳಿಗ್ಗೆ ಹೊಲಕ್ಕೆ ಬುತ್ತಿ ಒಯ್ಯುತ್ತೇನೆಂದು ಹೊರಟವಳು ಹಿರೇಕೆರೂರಿನ ಬಸ್ಸು ಹತ್ತಿದೆ. ಸಂಜೆಗೆ ಸವಣೂರಿನಲ್ಲಿ ಅಕ್ಕನ ಮನೆ ಮುಟ್ಟಿದೆ.

ಅಲ್ಲಿ ಒಬ್ಬ ಮುಸ್ಲಿಂ ಹೆಂಗಸಿನ ಹೊಲಿಗೆ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಅವರ ಮಗಳು ಯಲವಿಗಿಯಿಂದ ರೈಲು ಹಿಡಿದು ಹುಬ್ಬಳ್ಳಿಯ ಕಾಲೇಜಿಗೆ ಹೋಗುತ್ತಿದ್ದಳು. ಒಂದು ಭಾನುವಾರ ಅಂಗಡಿಯ ಮೇಲಿನ ಅವರ ಮಾಳಿಗೆಯಲ್ಲಿ ಅವಳ ಎಲೆಕ್ಟ್ರಿಕ್ ಗಿಟಾರು ಒಮ್ಮೆಲೇ ಒದರಿತು. ಏನಾಯಿತೆಂದು ಅರಿವಾಗುವಷ್ಟರಲ್ಲಿ ನಾನು ಹೊಲಿಗೆ ಮಷಿನ್ನಿನ ಕೆಳಗೆ ತಲೆ ಮುಚ್ಚಿಕೊಂಡು ಕೂತಿದ್ದೆ.

ಹುಡುಗಿ ಇಳಿದು ಓಡಿ ಬಂದಳು. ಮೇಲೆ ಕರೆದೊಯ್ದು ಸ್ಪೀಕರಿನ ದನಿ ಏರಿಸಿಳಿಸುವ ಗುಂಡಿಯ ಮೇಲೆ ನನ್ನ ಬೆರಳಿಟ್ಟಳು.

“ಅಕ್ಕಾರ, ನೀವ ತಿರುವ್ರಿ. ಬ್ಯಾಡ ಅನಿಸಿದ್ರ ಬಂದ್ ಮಾಡ್ರಿ.”

ವಾರ ವಾರ ಸ್ವಲ್ಪ ಸ್ವಲ್ಪ ಏರಿಸಿದೆ. “ನೀ ಬಾರಸೂ ಈ ರಾಕ್ ಅಂದ್ರ ಏನವಾ?” ಎಂದು ಒಮ್ಮೆ ಕೇಳಿದೆ.

“ಎದ್ಯಾಗ ಇದ್ದದ್ದು ಒದರೂದ್ರಿ. ತಾಳ ಮಾತ್ರ ತಪ್ಪಬಾರದು.”

ನನ್ನ ಎದೆಯಲ್ಲಿದ್ದದ್ದನ್ನು ಬರೆದೆ. ಅವಳು ಅದಕ್ಕೆ ರಾಗ ಕೂಡಿಸಿದಳು. ದುಂಡಸಿಯ ಅವಳ ಗೆಳತಿ ಡ್ರಮ್ಸ್ ಹಿಡಿದಳು. ಶಿಗ್ಗಾವಿಯ ಸಭಾಭವನವೊಂದರಲ್ಲಿ ಮಧ್ಯಾಹ್ನದ ಕಾರ್ಯಕ್ರಮಕ್ಕೆ ನಮ್ಮನ್ನು ಕರೆದರು. ಕಾರ್ಯಕ್ರಮದ ದಿನ ತಿಳಿಸಲು ತಾಲೀಮಿನಲ್ಲಿ ತೆಗೆದ ನಮ್ಮ ವಿಡಿಯೊ ಯಾರದೋ ಮೊಬೈಲಿನಿಂದ ಚಿಕ್ಕೇರೂರಿಗೂ ಹೋಗಿತ್ತೆಂದು ಆಮೇಲೆ ತಿಳಿಯಿತು.

ಆ ದಿನ ಹಾಡಿನ ಎರಡನೆಯ ನುಡಿಯಲ್ಲಿದ್ದೆ. ಕುರ್ಚಿಗಳ ಮೂರನೆಯ ಸಾಲಿನಲ್ಲಿ ಗಂಡ ಕೂತಿದ್ದ. ಪದ ಮರೆತುಹೋದವು. ಅವನು ಎದ್ದ, ಯಾರೂ ತಡೆಯುವ ಮೊದಲೇ ವೇದಿಕೆ ಹತ್ತಿ ನನ್ನ ಮುಂಗೈ ಹಿಡಿದ.

“ಸಾಕು ನಿನ್ನ ಕುಣಿತ. ಮನೀಗೆ ನಡಿ.”

“ಕೈ ಬಿಡ್ರಿ,” ಎಂದೆ. ಹಿಡಿತ ಬಿಗಿಯಾಯಿತು.

“ಕೈ ಬಿಡು!”

ಅವನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಮೈಕು ನನ್ನ ಬಾಯಿಯ ಹತ್ತಿರವೇ ಇತ್ತು. ಸಭೆಗೆ ಸಭೆಯೇ ಎದ್ದು ನಿಂತಿತು. ಗಿಟಾರು ಕೆಳಗಿಟ್ಟು ಹುಡುಗಿ ನನ್ನ ಪಕ್ಕಕ್ಕೆ ಬಂದಳು. ಅವನು ಸುತ್ತ ನೋಡಿದ. ಕೈ ಬಿಟ್ಟ. ಇಳಿದು ಹೋದ.

“ಮುಗಸೂನೇನ್ರಿ ಅಕ್ಕಾರ?” ಎಂದಳು ಹುಡುಗಿ.

ಒಡಕು ದನಿಯಲ್ಲೇ ಹಾಡು ಮುಗಿಸಿದೆ. ಮರುವಾರ ಹಾನಗಲ್ಲಿನ ವಕೀಲರೊಬ್ಬರನ್ನು ಕಂಡು ವಿಚ್ಛೇದನಕ್ಕೆ ಅರ್ಜಿ ಹಾಕಿದೆ. ಕೋರ್ಟಿನ ಎರಡು ತಾರೀಖು ತಪ್ಪಿಸಿ, ಮೂರನೆಯದಕ್ಕೆ ಬಂದು ಅವನು ಒಪ್ಪಿ ಸಹಿ ಮಾಡಿದ.

ಈಗಲೂ ಬಸ್ ಸ್ಟ್ಯಾಂಡಿನಲ್ಲಿ ಅವನ ಎತ್ತರದವರು ಕಂಡರೆ ಚೀಲವನ್ನು ಎದೆಗವಚಿಕೊಳ್ಳುತ್ತೇನೆ. ಆದರೆ ಸಂದಿಯೊಳಗೆ ಸರಿಯುವುದಿಲ್ಲ. ನಿಂತು ಮುಖ ನೋಡಿಯೇ ಮುಂದೆ ಹೋಗುತ್ತೇನೆ.